ಮಾರೆಪ್ಪನಿಗೆ ಪ್ರಮಾಣ ಮಾಡಿಸಿದ್ದು

೧೯೪೪ನೆಯ ಇಸವಿ. ನಮ್ಮ ಕಚೇರಿಯ ಲೆಕ್ಕದಲ್ಲಿ ಫಸ್ಲಿ ೧೩೫೪. ನಾನು ಆಗ ರಾಯಚೂರಿನ ಮುನ್ಸಿಫ್ ಕೋರ್ಟಿನಲ್ಲಿ ಅಹಲ್‌ಕಾರ, ಅಂದರೆ ಗುಮಾಸ್ತ. ವಯಸ್ಸು ಇಪ್ಪತ್ತಾರು. ನಿಜಾಮರ ರಾಜ್ಯ, ಕೋರ್ಟಿನ ಭಾಷೆ ಉರ್ದು. ದಾವೆ ಹಾಕುವವರು, ಹಾಕಿಸಿಕೊಳ್ಳುವವರು, ಸಾಕ್ಷಿ ಹೇಳುವವರು ಆಡುವುದು ಕನ್ನಡ. ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ದಾವೆಗಳು ನಮ್ಮಲ್ಲಿಗೇ ಬರುತ್ತಿದ್ದವು. ಅವರು ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ನನ್ನ ಉರ್ದು ಅಕ್ಷರ ಚೆನ್ನಾಗಿತ್ತು, ವಾಕ್ಯ ಅದಕ್ಕಿಂತ ಚೆನ್ನಾಗಿತ್ತು. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಮುಂದೆ ಹೇಳುವ ಸಂಗತಿಯಲ್ಲಿ ಆ ಜಂಬದ ಪಾಲೂ ಇರುವುದರಿಂದ ಮೊದಲೇ ಹೇಳಿಬಿಡುತ್ತೇನೆ.

ಹೇಳಿಕೆ ಬರೆದುಕೊಳ್ಳುವ ಅಚ್ಚಿನ ಫಾರಂನಲ್ಲಿ ಹೆಸರಿನ ಕೆಳಗೆ ಮೂರು ಕಾಲಮ್ಮುಗಳಿದ್ದವು: ಮಜಹಬ್, ಕೌಮ್, ಸಕೂನತ್. ಅಂದರೆ ಧರ್ಮ, ಜಾತಿ, ವಾಸದ ಊರು. ಧರ್ಮದ ಕಾಲಮ್ಮು ನೋಡಿ ಪ್ರಮಾಣ ಮಾಡಿಸುವುದು, ಊರಿನ ಕಾಲಮ್ಮು ನೋಡಿ ಸಮನ್ಸು ಕಳಿಸುವುದು. ನಡುವಿನ ಕಾಲಮ್ಮು ಏತಕ್ಕೆ ಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಈ ಮೂರನ್ನೂ ತುಂಬುತ್ತಿದ್ದೆ. ತಲೆ ಎತ್ತಿ ಎದುರಿನವನ ಮುಖ ನೋಡುವ ಅಗತ್ಯವೂ ಬೀಳುತ್ತಿರಲಿಲ್ಲ. ಹೆಸರು ಕೇಳಿದರೆ ಮೂರರಲ್ಲಿ ಎರಡು ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯ ಓದುಗರಿಗೆ ಬಿಡಿಸಿ ಹೇಳಬೇಕು. ಸಾಕ್ಷಿ ಕಟ್ಟೆಯಲ್ಲಿ ಮಾಡುವ ಮಾಮೂಲಿ ಪ್ರಮಾಣ ಬೇರೆ, ‘ಖಾಸ್ ಹಲಫ್’ ಎಂಬ ವಿಶೇಷ ಪ್ರಮಾಣ ಬೇರೆ. ದಾಖಲೆ ಇಲ್ಲದ ದಾವೆಯಲ್ಲಿ ಒಬ್ಬ ಪಕ್ಷಗಾರ, ‘ಎದುರಿನವನು ಇಂಥ ದೇವರ ಮುಂದೆ ಇಂಥ ರೀತಿ ಪ್ರಮಾಣ ಮಾಡಿ ಹೇಳಿದರೆ ಅವನ ಮಾತನ್ನು ನಾನು ಒಪ್ಪುತ್ತೇನೆ’ ಎಂದು ಕೋರ್ಟಿಗೆ ಬರೆದುಕೊಡಬಹುದಿತ್ತು. ಎದುರಿನವನು ಹೂಂ ಎಂದರೆ ಕೋರ್ಟು ಒಬ್ಬ ಕಮಿಷನರನನ್ನು ಆ ಊರಿಗೆ ಕಳಿಸುತ್ತಿತ್ತು. ಕಮಿಷನರ್ ಎಂದರೆ ದೊಡ್ಡ ಹುದ್ದೆಯಲ್ಲ. ಕೋರ್ಟಿನ ಪರವಾಗಿ ಹೊರಗೆ ಹೋಗಿ ಒಂದು ಕೆಲಸ ಮುಗಿಸಿಕೊಂಡು ಬರುವವನು, ಅಷ್ಟೇ. ಪ್ರಮಾಣ ಮಾಡಿದರೆ ಅವನು ಹೇಳಿದ್ದೇ ಕೊನೆ, ಅದರ ಮೇಲೆ ಬೇರೆ ಸಾಕ್ಷಿ ಇಲ್ಲ. ಒಪ್ಪಿಕೊಂಡು ಬಂದು ಮಾಡದೆ ಹೋದರೆ, ಹೆದರಿದ ಎಂದೇ ಲೆಕ್ಕ, ದಾವೆ ಸೋತಂತೆ.

ಅದು ಸುಮ್ಮನೆ ಶಾಸ್ತ್ರವಾಗಿರಲಿಲ್ಲ. ಮಾನ್ವಿ ಹತ್ತಿರದ ಕುರ್ಡಿಯಲ್ಲಿ ಅಣ್ಣತಮ್ಮಂದಿರ ಬಾವಿಯ ಜಗಳಕ್ಕೆ ನಾನೇ ಹೋಗಿದ್ದೆ. ತಮ್ಮ ಸ್ನಾನ ಮಾಡಿ ಬಂದ, ಬಸವಣ್ಣನ ಗುಡಿಯ ಹೊಸ್ತಿಲ ತನಕ ನಡೆದ, ಒಳಗೆ ಉರಿಯುತ್ತಿದ್ದ ದೀಪ ನೋಡಿದ, ಹಿಂತಿರುಗಿ ಮನೆಗೆ ಹೋದ. ಬಾವಿ ಅಣ್ಣನಿಗೆ ಹೋಯಿತು. ಕೋರ್ಟಿನಲ್ಲಿ ಇದೇ ತಮ್ಮ ಎರಡು ಸಲ ಪ್ರಮಾಣ ಮಾಡಿ ನಿರಾಳವಾಗಿ ಸುಳ್ಳು ಹೇಳಿದ್ದ.

ಈಗ ಮಾರೆಪ್ಪನ ದಾವೆ. ಊರು ದೇವದುರ್ಗ ತಾಲೂಕಿನದು, ಗಬ್ಬೂರಿನಿಂದ ಎತ್ತಿನ ಗಾಡಿಯಲ್ಲಿ ಎರಡು ತಾಸಿನ ಹಾದಿ, ಹೆಸರು ಬೇಡ. ಅಲ್ಲಿ ಹಳ್ಳದ ದಂಡೆಗೆ ಎರಡು ಎಕರೆ ಹದಿನಾರು ಗುಂಟೆ ಎರೆಹೊಲ. ಅದನ್ನು ಉಳುತ್ತಿದ್ದವನು ಮಾರೆಪ್ಪ, ಜಾತಿಯಲ್ಲಿ ಮಾದಿಗ, ನಲವತ್ತರ ಆಸುಪಾಸಿನವನು. ತಂದೆಯ ಕಾಲದಿಂದ ಹೊಲ ನಮ್ಮದು ಎಂಬುದು ಅವನ ಮಾತು. ಊರಿನ ಮಾಲಿಪಾಟೀಲ, ಅಂದರೆ ಕಂದಾಯ ವಸೂಲಿಯ ಪಟೇಲ, ಅಮರೇಗೌಡರು, ಹೊಲ ನಮ್ಮದು, ಇವರಪ್ಪ ನಮ್ಮಲ್ಲಿ ಪಾಲಿಗೆ ಮಾಡುತ್ತಿದ್ದ, ಈಗ ಮಗ ಬಿಡುತ್ತಿಲ್ಲ ಎಂದು ದಾವೆ ಹಾಕಿದ್ದರು. ಎರಡೂ ಕಡೆ ಕಾಗದವಿಲ್ಲ. ಗೌಡರಿಗೆ ಆರು ಸಾಕ್ಷಿ. ಮಾರೆಪ್ಪನಿಗೆ ಒಂದೇ, ಅವನ ತಾಯಿ ನರಸಮ್ಮ. ಹೀಗೆ ಬಂದ ದಾವೆಗಳ ಗತಿ ಏನಾಗುತ್ತದೆಂದು ಹೇಳಲು ಕಾನೂನು ಓದಿರಬೇಕಾಗಿಲ್ಲ. ಆ ಹೊಲ ಹೋದರೆ ಅವರಿಗೆ ಉಳಿಯುವುದು ಗೌಡರ ಮನೆಯ ಜೀತ.

ಸಾಕ್ಷಿ ಶುರುವಾಗುವ ಮೊದಲು ಗೌಡರ ವಕೀಲರು ಎದ್ದು ನಿಂತು ಖಾಸ್ ಹಲಫಿನ ಮಾತು ಎತ್ತಿದರು. ಮಾರೆಪ್ಪ ಊರ ಹನುಮಪ್ಪನ ಮುಂದೆ ದೀಪ ಹಿಡಿದು ಹೊಲ ತನ್ನಪ್ಪನದೆಂದು ಹೇಳಲಿ, ನಮ್ಮ ಕಕ್ಷಿದಾರರು ದಾವೆ ಬಿಡುತ್ತಾರೆ ಎಂದರು. ಮುನ್ಸಿಫ್ ಸಾಹೇಬರು ಹೈದರಾಬಾದಿನವರು, ಕನ್ನಡ ಬಾರದು. ನಾನು ಮಾರೆಪ್ಪನಿಗೆ ತಿಳಿಸಿ ಕೇಳಿದೆ. ಅವನು ಕೈ ಕಟ್ಟಿಕೊಂಡು ನಿಂತಿದ್ದ. ಹಾಗೆಯೇ ಕೇಳಿದ:

“ಹನುಮಪ್ಪನ ಮುಂದ ಅಂತ ಕೋರ್ಟೇ ಹೇಳಾಕತ್ತದೇನ್ರಿ?”

“ಹೌದು, ಕೋರ್ಟೇ ಹುಕುಂ ಮಾಡ್ತದ.”

“ಹಂಗಾದ್ರ ಮಾಡ್ತೀನ್ರಿ.”

ಅವನ ಮುಖ ಯಾಕೆ ಅಷ್ಟು ಅರಳಿತೆಂದು ನಾನು ಯೋಚಿಸಲಿಲ್ಲ. ಹುಕುಂ ಬರೆಯಲು ಕೂತೆ. ಮಜಹಬ್: ಹಿಂದೂ. ಕೌಮ್: ಮಾದಿಗ. ಸಕೂನತ್: ಊರಿನ ಹೆಸರು. ಪ್ರಮಾಣದ ಸ್ಥಳ ಎಂಬಲ್ಲಿ, ಹಿಂದೂಗಳಿಗೆ ಯಾವಾಗಲೂ ಬರೆಯುತ್ತಿದ್ದಂತೆ, ‘ಸದರಿ ಗ್ರಾಮದ ಹನುಮಂತ ದೇವರ ಗುಡಿಯೊಳಗೆ, ದೇವರ ಎದುರಿಗೆ, ಗುಡಿಯ ದೀಪ ಕೈಯಲ್ಲಿ ಹಿಡಿದು’ ಎಂದು ಬರೆದೆ. ವಕೀಲರು ‘ಮುಂದೆ’ ಎಂದಷ್ಟೇ ಹೇಳಿದ್ದರು. ‘ಗುಡಿಯೊಳಗೆ’ ಎಂಬುದು ನನ್ನ ಕೈಚಳಕ. ಮುನ್ಸಿಫ್ ಸಾಹೇಬರು ಸಹಿ ಹಾಕಿದರು. ಎರಡೂ ಕಡೆಯವರು ಹೆಬ್ಬೆಟ್ಟು, ಸಹಿ ಹಾಕಿದರು. ಸಾಹೇಬರಿಗಾಗಲಿ ನನಗಾಗಲಿ ಏನೂ ಹೊಳೆಯಲಿಲ್ಲ. ಸಾಹೇಬರು ಮುಸಲ್ಮಾನರು, ಅವರಿಗೆ ಗೊತ್ತಿರಲಿಕ್ಕಿಲ್ಲ ಎನ್ನಬಹುದು. ನಾನು ಬ್ರಾಹ್ಮಣ; ನನಗೆ ಆ ನೆಪವೂ ಇಲ್ಲ. ನಾನೇ ಬರೆದ ಎರಡನೆಯ ಕಾಲಮ್ಮನ್ನು ನಾನೇ ಓದಿಕೊಂಡಿದ್ದರೆ ಸಾಕಿತ್ತು.

ಕಮಿಷನರ್ ಎಂದು ನನ್ನನ್ನೇ ನೇಮಿಸಿದರು. ಡಿಸೆಂಬರಿನಲ್ಲಿ ಚಪರಾಸಿ ಖಾಸಿಂಸಾಬನನ್ನು ಜೊತೆಗೆ ಕರೆದುಕೊಂಡು ಹೊರಟೆ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸು ಇದ್ದಲಿನ ಗ್ಯಾಸಿನದು. ಕಲ್ಮಲದ ಹತ್ತಿರ ಒಂದು ಸಲ, ಅದರಾಚೆ ಇನ್ನೊಂದು ಸಲ ನಿಂತು, ಗಬ್ಬೂರು ಮುಟ್ಟುವ ಹೊತ್ತಿಗೆ ಸಂಜೆಯಾಯಿತು. ಮರುದಿನ ಬೆಳಿಗ್ಗೆ ಗಾಡಿ ಮಾಡಿಕೊಂಡು ಊರು ತಲುಪಿದಾಗ ಎಂಟೂವರೆ ಗಂಟೆ. ಖಾಸಿಂಸಾಬ ನನಗಿಂತ ಇಪ್ಪತ್ತೈದು ವರ್ಷ ಹಿರಿಯ, ಜಿಲ್ಲೆಯ ಊರೂರು ಬಲ್ಲವನು. ದಾರಿಯುದ್ದಕ್ಕೂ ಬೀಡಿ ಸೇದುತ್ತಾ ಬಂದ.

ಹನುಮಪ್ಪನ ಗುಡಿ ಊರ ನಡುವೆ. ಎದುರಿಗೆ ಬಯಲು, ಬಯಲಿಗೆ ಹೊಂದಿಕೊಂಡು ಚಾವಡಿ. ಅಮರೇಗೌಡರು, ಊರ ಹಿರಿಯರು ಹತ್ತು ಹದಿನೈದು ಮಂದಿ ಸೇರಿದ್ದರು. ಪೂಜಾರಿ ದಾಸಪ್ಪ ಎಪ್ಪತ್ತು ದಾಟಿದ ಮುದುಕ. ನನ್ನನ್ನು ಒಳಗೆ ಕರೆದು ತೀರ್ಥ ಕೊಟ್ಟ. ಖಾಸಿಂಸಾಬ ಗುಡಿಯ ಹೊರಜಗುಲಿಯ ಮೇಲೆ ಕಾಲು ಚಾಚಿ ಕೂತ, ಅವನನ್ನು ಯಾರೂ ಏನೂ ಅನ್ನಲಿಲ್ಲ. ಪ್ರಮಾಣ ಮಾಡುವವನು ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬರಬೇಕೆಂಬುದು ಪದ್ಧತಿ. ಮಾರೆಪ್ಪ ಒದ್ದೆ ಧೋತರದಲ್ಲಿ ಬಯಲಿನ ಆ ಕೊನೆಗೆ, ಗುಡಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಚಳಿಗೆ ನಡುಗುತ್ತಾ ನಿಂತಿದ್ದ. ಪಕ್ಕದಲ್ಲಿ ನರಸಮ್ಮ.

ನಾನು ಹುಕುಂ ತೆಗೆದು ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಿದೆ. ‘ಗುಡಿಯೊಳಗೆ’ ಎಂಬ ಮಾತು ಬಂದ ಕೂಡಲೇ ಬಯಲಿನಲ್ಲಿ ಗುಜುಗುಜು ಎದ್ದಿತು. ನನಗೆ ಆಗಲೂ ತಿಳಿಯಲಿಲ್ಲ. ಖಾಸಿಂಸಾಬ ಜಗುಲಿಯಿಂದ ಎದ್ದು ಬಂದು ಕಿವಿಯಲ್ಲಿ ಹೇಳಿದ:

“ಸಾಹೇಬ್ರ, ಇಂವ ಒಳಗ ಹೆಂಗ ಹೋಗ್ತಾನ್ರಿ? ನೀವ್ ಬರದದ್ದು ಹಂಗ ಅದಲ್ಲ!”

ಆಮೇಲೆ ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ, ಕೈಯಲ್ಲಿದ್ದ ಕಾಗದ ಮಾತ್ರ ಭಾರವಾಯಿತು. ಹಿರಿಯರಲ್ಲಿ ಒಬ್ಬರು ಮುಂದೆ ಬಂದು, ಮರ್ಯಾದೆಯಿಂದಲೇ, “ಕೋರ್ಟಿನ ಮಾತು ತಲಿ ಮ್ಯಾಲ ಇಟ್ಕೋತೀವ್ರಿ. ಆದ್ರ ಇದು ಆಗೂ ಮಾತಲ್ಲ. ಅಂವ ಹೊಸ್ತಿಲ ದಾಟಿದ್ರ ಗುಡಿಗಿ ಬಾಗ್ಲಾ ಹಾಕಬೇಕಾಗ್ತದ” ಎಂದರು. ಅಮರೇಗೌಡರು ಈ ತೊಡಕು ಗೊತ್ತಿದ್ದೇ ವಕೀಲರಿಂದ ಆ ಮಾತು ಎತ್ತಿಸಿದರೋ, ಅಥವಾ ಹನುಮಪ್ಪನ ಮುಂದೆ ಮಾರೆಪ್ಪ ಸುಳ್ಳು ಹೇಳಲಾರ ಎಂಬ ನಂಬಿಕೆಯಿಂದ ಎತ್ತಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಮಾರೆಪ್ಪನ ಹತ್ತಿರ ಹೋಗಿ ಕೇಳಿದೆ. ಗುಡಿಯೊಳಗೆ ಬಿಡುವುದಿಲ್ಲವೆಂದು ನಿನಗೆ ಗೊತ್ತಿರಲಿಲ್ಲವೇ, ಕೋರ್ಟಿನಲ್ಲಿ ಯಾಕೆ ಒಪ್ಪಿಕೊಂಡೆ ಎಂದೆ. ಅವನು ನೆಲ ನೋಡುತ್ತಾ ಹೇಳಿದ:

“ಸರ್ಕಾರ ಹೇಳಿದ್ರ ಬಿಡ್ತಾರ ಅಂದ್ಕೊಂಡಿದ್ದೆ ಯಪ್ಪಾ. ಒಂದ್ ಸಲ ಒಳಗ ನೋಡಿದಂಗೂ ಆಗ್ತದ ಅಂತ.”

ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಬೇರೆ ಶಬ್ದ ಹುಡುಕುವುದಿಲ್ಲ, ನಾಚಿಕೆಯೇ.

ಚಾವಡಿಯಲ್ಲಿ ಕೂತು ಲೆಕ್ಕ ಹಾಕಿದೆ. ‘ಪ್ರಮಾಣ ಆಗಲಿಲ್ಲ’ ಎಂದು ಬರೆದುಕೊಂಡು ಹೋದರೆ ಮಾರೆಪ್ಪ ಹೆದರಿದ ಎಂದು ಅರ್ಥ, ಹೊಲ ಹೋಯಿತು. ರಾಯಚೂರಿಗೆ ಹೋಗಿ ಹುಕುಂ ತಿದ್ದಿಸೋಣವೆಂದರೆ ಅಷ್ಟರಲ್ಲಿ ಗೌಡರ ವಕೀಲರು, ನಮ್ಮ ಮಾತು ಅದೊಂದೇ ರೀತಿಗೆ ಇತ್ತು, ಈಗ ಹಿಂತೆಗೆದುಕೊಂಡಿದ್ದೇವೆ ಎನ್ನಬಹುದು. ಆಗ ಆರು ಸಾಕ್ಷಿ, ಒಂದು ಸಾಕ್ಷಿ. ಆಗಲೂ ಹೊಲ ಹೋಯಿತು. ಅವನನ್ನು ಬಲವಂತವಾಗಿ ಒಳಗೆ ನುಗ್ಗಿಸುವ ಅಧಿಕಾರ ನನಗಿರಲಿಲ್ಲ, ಧೈರ್ಯವೂ ಇರಲಿಲ್ಲ. ನುಗ್ಗಿಸಿದರೆ ಸಂಜೆ ಅವರ ಓಣಿಯಲ್ಲಿ ಏನಾಗುತ್ತಿತ್ತೋ ಅದಕ್ಕೆ ಹೊಣೆ ಯಾರು? ಒಂದು ತಾಸು ಹೀಗೇ ಕಳೆಯಿತು. ಬಿಸಿಲಿಗೆ ಮಾರೆಪ್ಪನ ಧೋತರ ಮೈಮೇಲೇ ಒಣಗಿತು.

ಆಗ ನರಸಮ್ಮ ಬಯಲಿನ ಆ ಕೊನೆಯಿಂದಲೇ ಪೂಜಾರಿಯನ್ನು ಕೂಗಿದಳು. ಅವಳಿಗೆ ಅರವತ್ತಾಗಿರಬೇಕು, ದನಿ ಮಾತ್ರ ಇಡೀ ಬಯಲಿಗೆ ಕೇಳುವಂತಿತ್ತು.

“ಪೂಜಾರೆಪ್ಪಾ, ಒಂದ್ ಮಾತು ಹೇಳು. ವರ್ಸಕ್ಕೊಮ್ಮಿ ನಮ್ ಓಣಿ ಕಟ್ಟಿಗಿ ಹನುಮಪ್ಪ ಬರ್ತಾನೋ ಇಲ್ಲೋ?”

ನಾನು ಏನದು ಎಂದು ಕೇಳಿದೆ. ಖಾಸಿಂಸಾಬನಿಗೂ ಗೊತ್ತಿತ್ತು, ಊರಿನವರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಹೇಳಬೇಕಾಯಿತು. ಹನುಮಪ್ಪನಿಗೆ ಚರ್ಮದ ಪಾದರಕ್ಷೆ ಹೊಲಿದುಕೊಡುವುದು ಮಾರೆಪ್ಪನ ಮನೆತನದ ಕೆಲಸ. ದೇವರು ಅವುಗಳನ್ನು ಮೆಟ್ಟಿ ಊರ ಸುತ್ತ ತಿರುಗುತ್ತಾನೆ, ವರ್ಷದಲ್ಲಿ ಸವೆಸುತ್ತಾನೆ ಎಂದು ನಂಬಿಕೆ. ಪುಷ್ಯ ಮಾಸದ ಒಂದು ಶನಿವಾರ ಪೂಜಾರಿ ಹಳೆಯ ಜೋಡನ್ನೂ ಗುಡಿಯ ದೀಪವನ್ನೂ ಹಿಡಿದು ಮಾದಿಗರ ಓಣಿಯ ಬಾಯಿಗೆ ಬರುತ್ತಾನೆ. ಅಲ್ಲಿ ಬೇವಿನ ಗಿಡದ ಕೆಳಗೆ ಒಂದು ಕಲ್ಲಿನ ಕಟ್ಟೆ. ಎರಡನ್ನೂ ಅದರ ಮೇಲಿಟ್ಟು ‘ಹನುಮಪ್ಪ ಬಂದಾನ’ ಎಂದು ಕೂಗಿ ಮಂಗಳಾರತಿ ಮಾಡುತ್ತಾನೆ. ಮಾರೆಪ್ಪನ ಮನೆಯವರು ಹೊಸ ಜೋಡು ಇಡುತ್ತಾರೆ. ಪೂಜಾರಿ ಅದರ ಮೇಲೆ ನೀರು ಚಿಮುಕಿಸಿ ಗುಡಿಗೆ ಒಯ್ಯುತ್ತಾನೆ. ಆ ಹೊಸ ಜೋಡು ಹೋಗುವ ದಾರಿಯಲ್ಲಿ ಗೌಡರಾದಿಯಾಗಿ ಊರೆಲ್ಲ ಅಡ್ಡಬೀಳುತ್ತದೆ. ಹೊಲಿದವನು ಅವು ಒಳಗೆ ಎಲ್ಲಿರುತ್ತವೆಂದು ಕಂಡವನಲ್ಲ.

ನರಸಮ್ಮ ಬಿಡಲಿಲ್ಲ. “ಅವತ್ತು ಹನುಮಪ್ಪ ಕಟ್ಟಿ ಮ್ಯಾಲ ಇರ್ತಾನ ಅಂತೀಯೋ, ಗುಡ್ಯಾಗ ಇರ್ತಾನ ಅಂತೀಯೋ? ಗುಡ್ಯಾಗ ಇರ್ತಾನ ಅಂದ್ರ, ನಮ್ಮ ಅತ್ತಿ, ಮಾವ, ನನ್ ಗಂಡ, ಎಲ್ಲಾರೂ ಕಲ್ಲಿಗಿ ಕೈ ಮುಗದ್ರು ಅಂತ ಹೇಳಿಬಿಡು. ನಾವು ಹೊಲ ಬಿಟ್ಟು ಹೋಗ್ತೀವಿ.”

ದಾಸಪ್ಪ ಗೌಡರ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಐವತ್ತು ವರ್ಷ ಆ ದೀಪ ಹಿಡಿದು ಆ ಓಣಿಗೆ ನಡೆದವನು. ತಾನು ಕೂಗಿದ್ದೆಲ್ಲ ಬೊಗಳೆ ಎಂದು ಹೇಳುವ ಮನುಷ್ಯನಾಗಿರಲಿಲ್ಲ.

“ಬರ್ತಾನವ್ವಾ,” ಎಂದ. “ಬರ್ತಾನಂತಲೇ ನಾನು ಕೂಗೋದು. ಸುಳ್ಳು ಯಾಕ ಹೇಳ್ಲಿ?”

ನಾನು ಗೌಡರ ಕಡೆ ತಿರುಗಿದೆ. ಅವರು ಮೀಸೆಯ ಮೇಲೆ ಕೈಯಾಡಿಸಿ, ಹಿರಿಯರ ಮುಖ ಒಂದೊಂದಾಗಿ ನೋಡಿ, ಕೊನೆಗೆ ಹೇಳಿದರು: “ಆಗ್ಲಿ. ಅಲ್ಲಿ ದೇವ್ರು ಬರೂದು ಖರೇ ಅದ, ನಾನೂ ಅಡ್ಡ ಬೀಳ್ತೀನಿ. ಅಲ್ಲೇ ಆಣಿ ಮಾಡ್ಲಿ. ಮಾಡಿದ್ರ ನಾ ಹೊಲದ ಕಡಿ ತಿರುಗಿ ನೋಡಂಗಿಲ್ಲ.” ಒಂದು ಹಾಳೆಯಲ್ಲಿ ಅಷ್ಟನ್ನೇ ಬರೆದು ಅವರ ಸಹಿ, ಮಾರೆಪ್ಪನ ಹೆಬ್ಬೆಟ್ಟು ಹಾಕಿಸಿದೆ. ಸ್ಥಳ ಬದಲಾಗುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಕಾನೂನಿಗೆ ಬೇಕಾದದ್ದು ಅಷ್ಟು. ಅಲ್ಲಿಗೆ ನನ್ನ ತೊಡಕು ಬಗೆಹರಿದಿತ್ತು. ಇದನ್ನು ಓದುಗರು ನೆನಪಿಡಬೇಕು.

ಮಾರೆಪ್ಪ ಹಳ್ಳಕ್ಕೆ ಹೋಗಿ ಇನ್ನೊಂದು ಸಲ ಮುಳುಗಿ ಬಂದ. ದಾಸಪ್ಪ ಗುಡಿಯಿಂದ ದೀಪ, ಪಾದರಕ್ಷೆ ತಂದು ಓಣಿಯ ಕಟ್ಟೆಯ ಮೇಲಿಟ್ಟು, ಹಬ್ಬದ ದಿನ ಅಲ್ಲದಿದ್ದರೂ, ‘ಹನುಮಪ್ಪ ಬಂದಾನ’ ಎಂದು ಕೂಗಿದ. ಇಡೀ ಓಣಿ ಹೊರಗೆ ಬಂದಿತ್ತು. ಮೇಲುಜಾತಿಯವರು ಸ್ವಲ್ಪ ದೂರದಲ್ಲಿ ನಿಂತರು. ಮಾರೆಪ್ಪ ದೀಪ ಎತ್ತಿಕೊಂಡ. ನಾನು ಹೇಳಿಕೊಟ್ಟಂತೆ ಹೇಳಿದ: ಈ ಹೊಲ ನಮ್ಮಪ್ಪನದು, ನನ್ನದು, ಗೌಡರ ಮನೆಯದಲ್ಲ, ಹನುಮಪ್ಪನ ಆಣೆ. ಅಷ್ಟಕ್ಕೆ ಮುಗಿಯಿತೆಂದು ನಾನು ಲೇಖನಿ ತೆಗೆದೆ. ಅವನು ದೀಪ ಕೆಳಗಿಡಲಿಲ್ಲ.

“ಇನ್ನೊಂದದ ಸಾಹೇಬ್ರ. ನಮ್ಮಪ್ಪ ಹಾಸಿಗಿ ಹಿಡಿದಾಗ ಎಲ್ಡು ವರ್ಸ ಗೌಡ್ರ ಎತ್ತು ಬಂದು ಬಿತ್ಯಾವ. ಆ ಎಲ್ಡು ವರ್ಸ ಅರ್ಧ ಜ್ವಾಳ ಗೌಡ್ರ ಮನಿಗಿ ಹೋಗ್ಯಾವ. ಅದನ್ನ ಇಲ್ಲಿ ನಿಂತು ಮುಚ್ಚಿಡಾಕ ಬರಂಗಿಲ್ಲ. ಬರಕೋರಿ.”

ಪಾಲಿಗೆ ಮಾಡುತ್ತಿದ್ದರು ಎಂಬ ಗೌಡರ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿರಲಿಲ್ಲ. ಈ ಎರಡು ವರ್ಷದ ಸುದ್ದಿ ಬಾಯಿಬಿಡಬೇಡ ಎಂದು ಅವನ ವಕೀಲರು ತಾಕೀತು ಮಾಡಿದ್ದರಂತೆ. ಕೋರ್ಟಿನಲ್ಲಿ ಅವನು ಬಾಯಿ ಬಿಟ್ಟಿರಲೂ ಇಲ್ಲ. ನರಸಮ್ಮ ಕಣ್ಣು ಮುಚ್ಚಿಕೊಂಡಳು, ಆದರೆ ತಡೆಯಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡೆ.

ಅಲ್ಲಿಗೆ ಬಿಟ್ಟಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಚಾವಡಿಗೆ ಮರಳಿ ವರದಿ ಬರೆಯಲು ಕೂತಾಗ, ಹುಕುಂ ಬರೆಯುವಾಗ ಮಾಡಿದ ತಪ್ಪು ಚುಚ್ಚುತ್ತಿತ್ತು. ಹುಕುಂನಲ್ಲಿ ‘ಗುಡಿಯೊಳಗೆ’ ಎಂದಿದೆ, ಪ್ರಮಾಣ ಆದದ್ದು ಓಣಿಯಲ್ಲಿ. ನಾಳೆ ಯಾರೂ ಬೆರಳು ತೋರಿಸಬಾರದು, ವರದಿ ಭದ್ರವಾಗಿರಬೇಕು ಎನ್ನಿಸಿತು. ದಾಸಪ್ಪನನ್ನು ಕರೆಸಿ, ಅವನು ಬಯಲಿನಲ್ಲಿ ಹೇಳಿದ್ದನ್ನೇ ಹೇಳಿಕೆಯಾಗಿ ಬರೆದು ಹೆಬ್ಬೆಟ್ಟು ಹಾಕಿಸಿದೆ. ಅದರ ಕೆಳಗೆ ನನ್ನದೇ ಒಂದು ಸಾಲು ಸೇರಿಸಿದೆ: ‘ಆದ್ದರಿಂದ ಸದರಿ ಕಟ್ಟೆಯು ಗುಡಿಯ ಭಾಗವೇ ಆಗಿದ್ದು, ಅಲ್ಲಿ ನಿಲ್ಲುವುದು ಗುಡಿಯೊಳಗೆ ನಿಂತಂತೆಯೇ ಸರಿ.’ ಉರ್ದುವಿನಲ್ಲಿ ಆ ವಾಕ್ಯ ಬಹಳ ಚೆನ್ನಾಗಿ ಕೂತಿತ್ತು. ಯಾರಿಗೂ ಓದಿ ಹೇಳಲಿಲ್ಲ. ನನ್ನ ಅಭಿಪ್ರಾಯ ತಾನೇ, ಅದಕ್ಕೆ ಯಾರ ಸಹಿ ಬೇಕು?

ಮುನ್ಸಿಫ್ ಸಾಹೇಬರು ವರದಿ ಓದಿ ಆ ಸಾಲಿನ ಹತ್ತಿರ ಬಂದಾಗ ತಲೆದೂಗಿ, “ಖೂಬ್ ಲಿಖಾ,” ಎಂದರು. ಒಂದು ತಿಂಗಳಲ್ಲಿ ತೀರ್ಪು ಬಂತು. ಎರಡು ವರ್ಷ ಎತ್ತು ಕೊಟ್ಟದ್ದಕ್ಕೆ ಜೋಳ ಕೊಟ್ಟ ಮಾತ್ರಕ್ಕೆ ಹೊಲ ಹೋಗುವುದಿಲ್ಲ; ತನಗೆ ತೊಡಕಾಗುವ ಮಾತನ್ನೂ ತಾನಾಗಿ ಹೇಳಿದವನ ಉಳಿದ ಮಾತನ್ನು ನಂಬದಿರಲು ಕಾರಣವಿಲ್ಲ ಎಂದು ಬರೆದಿದ್ದರು. ಹೊಲ ಮಾರೆಪ್ಪನದಾಯಿತು. ಅದೇ ತೀರ್ಪಿನಲ್ಲಿ, ಪ್ರಮಾಣದ ಸ್ಥಳ ಸರಿಯಾದದ್ದೇ ಎನ್ನುವುದಕ್ಕೆ ನನ್ನ ಸಾಲನ್ನು ಇಡಿಯಾಗಿ ಎತ್ತಿ ಬರೆದಿದ್ದರು. ನನ್ನ ವಾಕ್ಯ ತೀರ್ಪಿನಲ್ಲಿ ಸೇರಿತೆಂದು ಆ ದಿನ ಕಚೇರಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಒಂದು ವರ್ಷದ ಮೇಲೆ, ಪುಷ್ಯ ಕಳೆದು ಮಾಘ ಹಿಡಿದಿತ್ತು, ಮಾರೆಪ್ಪ ಕೋರ್ಟಿಗೆ ಬಂದ. ನನ್ನನ್ನೇ ಹುಡುಕಿಕೊಂಡು ಬಂದಿದ್ದ. ಹೊಲ ಹೇಗಿದೆ ಎಂದು ಕೇಳಿದೆ.

“ಜ್ವಾಳ ಚಲೋ ಬಂದಾವ್ರಿ. ಗೌಡ್ರು ಮಾತಿಗಿ ತಪ್ಪಿ ನಡೀಲಿಲ್ಲ, ಹೊಲದ ಕಡಿ ಬರ್ಲಿಲ್ಲ.”

“ಮತ್ತೆ?”

ಅವನು ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತು ಹೇಳಿದ. ಗೌಡರ ವಕೀಲರು ತೀರ್ಪಿನ ನಕಲು ಕಳಿಸಿದ್ದರು. ದೇವದುರ್ಗದಿಂದ ಉರ್ದು ಬಲ್ಲವರೊಬ್ಬರನ್ನು ಕರೆಸಿ ಚಾವಡಿಯಲ್ಲಿ ಓದಿಸಿದರು. ಹೊಲದ ಮಾತು ಬಂದಾಗ ಯಾರೂ ಏನೂ ಅನ್ನಲಿಲ್ಲ. ಕಟ್ಟೆಯೂ ಗುಡಿಯ ಭಾಗ, ಅಲ್ಲಿ ನಿಂತವನು ಗುಡಿಯೊಳಗೆ ನಿಂತಂತೆ ಎಂಬಲ್ಲಿಗೆ ಬಂದಾಗ ಹಿರಿಯರು ಎದ್ದು ನಿಂತರು. ಇದು ಕೋರ್ಟಿನ ಮೊಹರಿನ ಮಾತು, ನಾಳೆ ಇದನ್ನೇ ಹಿಡಿದು ಗುಡಿಯೂ ನಮ್ಮದು ಎನ್ನುತ್ತಾರೆ ಎಂದರು. ಪೂಜಾರಿ ದಾಸಪ್ಪನನ್ನು ಕರೆದು, ಇನ್ನು ಆ ಓಣಿಗೆ ದೀಪ ಒಯ್ಯಕೂಡದೆಂದು ಹೇಳಿದರು. ಗಬ್ಬೂರಿನ ಬಡಿಗನಿಂದ ಕಟ್ಟಿಗೆಯ ಪಾದುಕೆ ಮಾಡಿಸಿದರು. ಪುಷ್ಯದ ಆ ಶನಿವಾರ ಮಾರೆಪ್ಪನ ಮನೆಯವರು ಮಿಂದು, ಹೊಸ ಜೋಡು ಹಿಡಿದು, ಓಣಿಯವರನ್ನೆಲ್ಲ ಸೇರಿಸಿಕೊಂಡು ಕಟ್ಟೆಯ ಹತ್ತಿರ ಕಾದರು. ಮಧ್ಯಾಹ್ನದ ತನಕ ಕಾದರು. ಯಾರೂ ಬರಲಿಲ್ಲ.

“ಹೊಲ ಬಂತು ಯಪ್ಪಾ. ದೇವ್ರು ಬರೂದು ನಿಂತು,” ಎಂದ. ದೂರುವ ದನಿಯಲ್ಲಿ ಹೇಳಲಿಲ್ಲ. ಆಮೇಲೆ ತಾನು ಬಂದ ಕೆಲಸ ಹೇಳಿದ: “ಆ ಒಂದ್ ಸಾಲು ಹೊಡದ್ಹಾಕಾಕ ಬರ್ತದೇನ್ರಿ? ಉಳದದ್ದೆಲ್ಲಾ ಹಂಗ ಇರ್ಲಿ. ಆ ಒಂದ ಸಾಲು.”

ಬರುವುದಿಲ್ಲ ಎಂದೆ. ತೀರ್ಪಾದ ಮೇಲೆ ಅದರ ಒಂದಕ್ಷರ ತೆಗೆಯುವ ಅಧಿಕಾರ ಬರೆದವರಿಗೂ ಇಲ್ಲವೆಂದು ತಿಳಿಸಿ ಹೇಳಿದೆ. ಕಾನೂನಿನ ಪ್ರಕಾರ ಸರಿಯಾದ ಉತ್ತರವೇ. ಅವನು ತಲೆಯಾಡಿಸಿ, “ಹಂಗೇನ್ರಿ,” ಎಂದು ಎದ್ದು ಹೋದ. ಆ ಸಾಲು ಬರೆದವನು ನಾನೇ ಎಂದು ಅವನಿಗೆ ಹೇಳಲಿಲ್ಲ. ಹೇಳಬೇಕಿತ್ತು. ಗೊತ್ತಿದ್ದೇ ನನ್ನ ಹತ್ತಿರ ಬಂದಿದ್ದನೇ ಎಂಬುದೂ ನನಗೆ ತಿಳಿಯದು.

ಆಮೇಲೆ ಮೂವತ್ತು ವರ್ಷ ನೌಕರಿ ಮಾಡಿದೆ. ನಿಜಾಮರ ಆಳ್ವಿಕೆ ಹೋಯಿತು, ಕೋರ್ಟಿನ ಭಾಷೆ ಬದಲಾಯಿತು, ಯಾರೂ ಯಾವ ಗುಡಿಗೂ ಹೋಗಬಹುದೆಂದು ಕಾನೂನೂ ಬಂತು. ಆ ಸಾಲು ಸುಳ್ಳು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಅದಕ್ಕೆ ಹೆದರಿದವರದು ತಪ್ಪು, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಊರಿನ ಎದುರು ಹೇಳಬೇಕೋ ಬೇಡವೋ, ಯಾವಾಗ ಹೇಳಬೇಕು ಎಂಬುದು ಮಾರೆಪ್ಪನಿಗೆ, ನರಸಮ್ಮನಿಗೆ ಸೇರಿದ್ದಾಗಿತ್ತು. ಅದರ ಬೆಲೆ ತೆರುವವರು ಅವರು. ಹೊಲದ ಮಟ್ಟಿಗೆ ಅವರನ್ನು ಹತ್ತು ಸಲ ಕೇಳಿದ ನಾನು ಈ ಮಾತಿಗೆ ಒಂದು ಸಲವೂ ಕೇಳಲಿಲ್ಲ.

ಮುಂದೆ ಶಿರಸ್ತೇದಾರನಾಗಿ ನಿವೃತ್ತನಾಗುವ ತನಕ, ಯಾರ ಹೇಳಿಕೆ ಬರೆದುಕೊಂಡರೂ ಕೊನೆಗೆ ಒಂದು ಪ್ರಶ್ನೆ ಕೇಳುವ ರೂಢಿ ಇಟ್ಟುಕೊಂಡೆ. ಬರೆದದ್ದನ್ನೆಲ್ಲ ಅವರ ಭಾಷೆಯಲ್ಲಿ ಓದಿ, ಇದಿಷ್ಟೂ ಇರಲೇ, ಯಾವುದಾದರೂ ಬೇಡವೇ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಇರಲಿ ಎನ್ನುತ್ತಿದ್ದರು. ಅಷ್ಟು ವರ್ಷಗಳಲ್ಲಿ ಮೂರೋ ನಾಲ್ಕೋ ಮಂದಿ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ನಿಜ, ಆದರೆ ಬೇಡ ಎಂದರು. ಯಾಕೆ ಎಂದು ಕೇಳದೆ, ಅವರ ಎದುರಿಗೇ ಹೊಡೆದುಹಾಕಿದೆ.